ಅತ್ತಿಗೆಯ ಸೊನ್ನೆ

ನಿರ್ದೇಶಕ ನನ್ನ ಫೋನಿನಲ್ಲಿ ಮಾತಾಡಿ ಹೋದಾಗಲೆಲ್ಲ ನಾನು ರಿಸೀವರನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಒಂದು ಸಲ ಒರೆಸಿದರೆ ಹೋಗುವ ವಾಸನೆಯಲ್ಲ ಅದು. ಅವನ ಕೋಣೆಯಲ್ಲಿ ಫೋನಿದೆ, ಜೇಬಿನಲ್ಲಿ ಇನ್ನೊಂದಿದೆ. ಆದರೂ ಮುಂಬಾಗಿಲ ಕಚೇರಿಗೆ ಬಂದು, ನನ್ನ ಮೇಜಿನ ತುದಿಯಲ್ಲಿ ಕುಂಡೆ ಊರಿ, ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತ ನನ್ನ ಫೋನಿನಲ್ಲೇ ಮಾತಾಡಬೇಕು. ಆಮೇಲೆ ಅದೇ ಪೆನ್ನನ್ನು ನನ್ನ ಕೈಗೆ ಕೊಟ್ಟು "ಸ್ವಲ್ಪ ಬರ್ಕೊಳ್ಳಿ" ಅನ್ನಬೇಕು. ಛೀ! ಹೆಸರಿನ ಹಿಂದೆ ಮುಂದೆ ಅವನಿಗೆ ಏನೇನೋ ಬಿರುದುಗಳಿದ್ದವು. ಮೈಮೇಲೆ ಬಾಟಲಿಗಟ್ಟಲೆ ಸುರಿದುಕೊಂಡು ಬರುತ್ತಿದ್ದ ಸೆಂಟಿನಿಂದಾಗಿ ನನಗೂ ಅತ್ತಿಗೆಗೂ ಮಾತ್ರ ಅವನು ಅತ್ತರಪ್ಪ.

ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಈ ಕತೆ ಅವರದು. ಅವರು ಆ ಸಂಸ್ಥೆಯಲ್ಲಿ ವಿಜ್ಞಾನಿ. ನಾನು ಬಂದವರನ್ನು ಕೂರಿಸುವ, ಫೋನು ಎತ್ತುವ, ಪತ್ರಿಕೆಗಳಿಗೆ ಪ್ರಕಟಣೆ ಬರೆದು ಕಳಿಸುವ ಹಂಗಾಮಿ ಗುಮಾಸ್ತೆ. ಆ ಕೆಲಸ ಕೊಡಿಸಿದವರೂ ಅತ್ತಿಗೆಯೇ. ಗಂಡ ಎನಿಸಿಕೊಂಡ ಪುಣ್ಯಾತ್ಮನ ಮನೆ ಬಿಟ್ಟು ನಾನು ಸೂಟ್‌ಕೇಸು ಹಿಡಿದು ಬಂದು ನಿಂತಾಗ ಅಮ್ಮ ಬಾಗಿಲಲ್ಲೇ ಅಳಲು ಶುರು ಮಾಡಿದಳು. ಅಣ್ಣ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ; "ಊಟ ಆಯ್ತಾ?" ಅಂದವನು ಅಷ್ಟಕ್ಕೇ ಸುಮ್ಮನಾದ. ಅತ್ತಿಗೆ ಮಾತ್ರ ಒಳಗೆ ಹೋಗಿ ತಮ್ಮ ಪುಸ್ತಕದ ಕಪಾಟಿನಲ್ಲಿ ಅರ್ಧ ಖಾಲಿ ಮಾಡಿದರು. ಅಲ್ಲಿದ್ದ ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳಿ, "ಬಟ್ಟೆ ಇಲ್ಲಿಡು. ಗೆದ್ದಲು ಇಲ್ಲ, ನೋಡಿದ್ದೀನಿ" ಅಂದರು. ಅವತ್ತಿನಿಂದ ಅವರ ಬಗ್ಗೆ ಯಾರಾದರೂ ಒಂದು ಮಾತು ಹಗುರಾಗಿ ಆಡಿದರೆ ಜುಟ್ಟು ಹಿಡಿಯಲು ನಾನು ತಯಾರಿದ್ದೆ.

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ದೊಡ್ಡ ಗುಣ ಎಂದು ಹೊಗಳುತ್ತಿಲ್ಲ. ಎಷ್ಟೋ ಸಲ ಅದೊಂದು ಪೀಡೆಯಾಗಿತ್ತು. ತರಕಾರಿಯವನು ತಕ್ಕಡಿಗೆ ಒಂದು ಟೊಮೇಟೊ ಹೆಚ್ಚಿಗೆ ಹಾಕಿದರೆ ಎತ್ತಿ ವಾಪಸ್ ಇಡುತ್ತಿದ್ದರು. ನಂಟರ ಮನೆಯ ಕೂಸನ್ನು ನೋಡಲು ಹೋದಾಗ ಎಲ್ಲರೂ "ಎಷ್ಟು ಚೆಂದ, ಎಷ್ಟು ಚೆಂದ" ಎನ್ನುತ್ತಿದ್ದರೆ ಇವರು ಬಗ್ಗಿ ಸಾವಧಾನವಾಗಿ ನೋಡಿ, "ಮೂಗು ಅಪ್ಪನ ಥರಾನೇ ದಪ್ಪ" ಅಂದುಬಿಟ್ಟರು. ಅಮ್ಮನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತಂತೆ. ನಾನು ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಅವರ ಕೆಲಸವನ್ನು ನಾನು ಅಡುಗೆಮನೆಯಲ್ಲೇ ಕಲಿತದ್ದು. ಕಣ್ಣಿಗೆ ಕಾಣುವ ನಕ್ಷತ್ರ, ಧೂಳು, ಅನಿಲ ಎಲ್ಲವನ್ನೂ ಸೇರಿಸಿದರೂ ಗ್ಯಾಲಕ್ಸಿಗಳ ತೂಕ ತಾಳೆಯಾಗುವುದಿಲ್ಲ. ಬೆಳಕು ಕೊಡದ, ಬೆಳಕನ್ನು ತಡೆಯದ, ಬರೀ ತೂಕವಿರುವ ಇನ್ನೇನೋ ಅಲ್ಲಿ ತುಂಬಿದೆ. ಅದಕ್ಕೆ ಕಪ್ಪು ದ್ರವ್ಯ ಎಂದು ಹೆಸರಿಟ್ಟಿದ್ದಾರೆ. ಏನೆಂದು ಮಾತ್ರ ಯಾರಿಗೂ ತಿಳಿಯದು. ಅದರ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು ನಾಶವಾಗುವುದೇ ನಿಜವಾದರೆ, ಆಗ ಗಾಮಾ ಕಿರಣ ಹೊರಡಬೇಕು. ಹುಡುಕಲು ಒಳ್ಳೆಯ ಜಾಗ ಕುಬ್ಜ ಗ್ಯಾಲಕ್ಸಿಗಳು: ನಮ್ಮ ದೊಡ್ಡ ಗ್ಯಾಲಕ್ಸಿಯ ಸುತ್ತ ಅಲೆಯುತ್ತಿರುವ ಮಂಕಾದ ಪುಟ್ಟ ಗುಂಪುಗಳು. ಅಲ್ಲಿ ನಕ್ಷತ್ರ ಕಡಿಮೆ, ಕಪ್ಪು ದ್ರವ್ಯ ವಿಪರೀತ, ತಾವಾಗಿ ಗಾಮಾ ಕಿರಣ ಉಗುಳುವಂಥದ್ದು ಬೇರೇನೂ ಇಲ್ಲ. "ಯಾರೂ ಇಲ್ಲದ ಮನೆ ಅಂದ್ಕೋ. ಒಳಗಡೆ ಒಂದು ಪಾತ್ರೆ ಸದ್ದಾದ್ರೂ ನಮಗೆ ಬೇಕಾದ್ದೇ ಸಿಕ್ಕಿದ ಹಾಗೆ. ಸಂತೇಲಿ ನಿಂತು ಕೇಳಿಸ್ಕೊಂಡ್ರೆ ಏನು ಗೊತ್ತಾಗುತ್ತೆ?" ಎನ್ನುತ್ತಿದ್ದರು ಅತ್ತಿಗೆ.

ದೂರದರ್ಶಕ ಇರುವುದು ಭೂಮಿಯಿಂದ ಮೇಲೆ, ಕಕ್ಷೆಯಲ್ಲಿ. ಅದು ಕಳಿಸಿದ್ದನ್ನು ಅತ್ತಿಗೆ ಕಚೇರಿಯಲ್ಲಿ ಕುಳಿತು ಪರದೆಯ ಮೇಲೆ ಸೋಸುವುದು. ಇದು ತಿಳಿಯದ ಅಮ್ಮ, ಸೊಸೆ ಬೆಟ್ಟದ ತುದಿಯಲ್ಲಿ ಚಳಿಯಲ್ಲಿ ನಡುಗುತ್ತಾಳೆಂದು ಮದುವೆಯಾದ ಹೊಸದರಲ್ಲಿ ಒಂದು ದಪ್ಪ ಉಣ್ಣೆಯ ಟೋಪಿ ಹೆಣೆದು ಕೊಟ್ಟಿದ್ದಳಂತೆ. ಅತ್ತಿಗೆ ಅದನ್ನು ಕಚೇರಿಯಲ್ಲೇ ಇಟ್ಟುಕೊಂಡು ಏಸಿ ಜೋರಾದಾಗ ಹಾಕಿಕೊಳ್ಳುತ್ತಿದ್ದರು.

ಸಂಜೆ ಅತ್ತಿಗೆ ಚಪ್ಪಲಿ ಬಿಡುವ ಮೊದಲೇ ಅಮ್ಮ ಒಳಗಿನಿಂದ ಕೂಗುವಳು: "ಏನಾದ್ರೂ ಸಿಕ್ತೇನಮ್ಮಾ?"

"ಸೊನ್ನೆ, ಅತ್ತೆ," ಅನ್ನುವರು ಇವರು. ಏನು ಠೀವಿ! ಬೇರೆಯವರು ಬಹುಮಾನ ತಂದಾಗಲೂ ಹಾಗೆ ಹೇಳುವುದಿಲ್ಲ. ಕಚೇರಿಯಲ್ಲೂ ಅವರಿಗೆ ಸೊನ್ನೆ ಮೇಡಂ ಅಂತಲೇ ಅಡ್ಡಹೆಸರು. ವರ್ಷಗಟ್ಟಲೆ ಹುಡುಕಿ ಪ್ರತಿ ಸಲವೂ ಅವರು ಬರೆದದ್ದು ಒಂದೇ, ಏನೂ ಸಿಗಲಿಲ್ಲ ಎಂದು. ಅದನ್ನೇ ನಾನು ಪ್ರಕಟಣೆಯಲ್ಲಿ "ಇದುವರೆಗಿನ ಅತ್ಯಂತ ಬಿಗಿಯಾದ ಮಿತಿ" ಎಂದು ಚಂದ ಮಾಡಿ ಬರೆಯುತ್ತಿದ್ದೆ; ಒಂದು ಪತ್ರಿಕೆಯೂ ಹಾಕುತ್ತಿರಲಿಲ್ಲ. ಇದೂ ಒಂದು ಕೆಲಸವೇ ಎಂದು ನಾನೇ ಒಮ್ಮೆ ರೇಗಿದ್ದೆ. ಅತ್ತಿಗೆಗೆ ಸಿಟ್ಟು ಬರಲಿಲ್ಲ. "ಅಷ್ಟು ಜೋರಾಗಿ ಸದ್ದು ಮಾಡೋದಾಗಿದ್ರೆ ನಮಗೆ ಕೇಳಿಸ್ಬೇಕಿತ್ತು. ಕೇಳಿಸ್ಲಿಲ್ಲ. ಅಂದ್ರೆ ಅದು ಇದಕ್ಕಿಂತ ಮೆತ್ತಗಿದೆ ಅಂತಾಯ್ತು. ನನ್ನ ಸೊನ್ನೆ ನಂಬ್ಕೊಂಡು ಎಲ್ಲೆಲ್ಲಿಯವರೋ ಮುಂದಿನ ಲೆಕ್ಕ ಹಾಕ್ತಾರೆ, ಗೊತ್ತಾ?" ಅಂದರು.

ಆ ಸೊನ್ನೆಗೆ ಬೆಲೆ ಬರುತ್ತಿದ್ದದ್ದು ಒಂದು ಪದ್ಧತಿಯಿಂದ. ಕುಬ್ಜ ಗ್ಯಾಲಕ್ಸಿಗಳಿಂದ ಬಂದ ಮಾಹಿತಿಯನ್ನು ಮೊದಲು ಯಾರೂ ನೋಡುವಂತಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಬೀಗ ಹಾಕಿ ಇಡುತ್ತಾರೆ. ಗ್ಯಾಲಕ್ಸಿಯ ಸುತ್ತ ಎಷ್ಟು ದೊಡ್ಡ ವೃತ್ತ ಎಳೆಯಬೇಕು, ಎಷ್ಟು ಶಕ್ತಿಯ ಕಿರಣದಿಂದ ಎಣಿಸಬೇಕು, ಹಿನ್ನೆಲೆಯ ಗದ್ದಲವನ್ನು ಹೇಗೆ ಕಳೆಯಬೇಕು, ಎಲ್ಲವನ್ನೂ ಖಾಲಿ ಆಕಾಶದ ಮೇಲೆ ಪರೀಕ್ಷಿಸಿ ಮೊದಲೇ ಗೊತ್ತುಮಾಡಬೇಕು. ಆಮೇಲೆ ಒಂದು ದಿನ ಎಲ್ಲರೆದುರು ಬೀಗ ತೆಗೆಯುವುದು. ತೆಗೆದ ಮೇಲೆ ಒಂದು ಕೂದಲೂ ಅತ್ತಿತ್ತ ಆಗಬಾರದು. ಬಂದದ್ದು ಬಂತು. ಏಕೆಂದರೆ ನೋಡಿಕೊಂಡು ವೃತ್ತ ಎಳೆಯುವವನಿಗೆ ಬೇಕಾದ್ದೇ ಕಾಣುತ್ತದೆ. ಇದು ಗೊತ್ತಿದ್ದೂ ಬೀಳುವ ಹಳ್ಳ ಅದು, ಆ ಕಸುಬಿನವರ ಹಳ್ಳ.

ಬೀಗದ ಗುಟ್ಟುಪದ ಗುಂಪಿನಲ್ಲಿ ಒಬ್ಬರ ಬಳಿ ಮಾತ್ರ. ಫಲಿತಾಂಶ ಹೊರಗೆ ಹೋಗಬೇಕಾದರೆ ಆ ಒಬ್ಬರು ಎದ್ದು ನಿಂತು, "ಬೀಗ ತೆಗೆದ ಮೇಲೆ ಏನನ್ನೂ ಬದಲಿಸಿಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಇಷ್ಟೂ ವರ್ಷ ಆ ಮಾತು ಹೇಳುತ್ತಿದ್ದವರು ನಮ್ಮ ಅತ್ತಿಗೆ. ಅದಕ್ಕಿಂತ ಗಟ್ಟಿ ಮುದ್ರೆ ಬೇರೆ ಇಲ್ಲ ಎಂದು ಹೊರಗಿನವರೂ ಒಪ್ಪಿದ್ದರು. ಯಾರ ಬಾಯಿ ಎಂದು ಅವರಿಗೆ ಗೊತ್ತಿತ್ತಲ್ಲ!

ಅತ್ತರಪ್ಪ ಬಂದ ಮೇಲೆ ನಡೆದ ಮೊದಲ ಬೀಗ ತೆಗೆಯುವ ದಿನ ಫೋಟೋ ತೆಗೆಯಲು ನಾನೂ ಹೋಗಿದ್ದೆ. ಸಭೆಯ ಕೋಣೆಯ ಕಾರ್ಪೆಟ್ಟು ಎಂದೋ ನೀರು ಕುಡಿದು ಮುಗ್ಗಲು ನಾತ ಹೊಡೆಯುತ್ತಿತ್ತು. ಪಕ್ಕದ ಸಿಂಕಿನಲ್ಲಿ ಚಹಾದ ಚರಟ, ಅದರ ಮೇಲೆ ಬೂಷ್ಟು. ಮೇಜಿನ ಮೇಲೆ ಮೆತ್ತಗಾದ ಬಿಸ್ಕತ್ತು. ಇವೆಲ್ಲದರ ಮೇಲೆ ಅತ್ತರಪ್ಪನ ವಾಸನೆ. ಅವನ ಬಲಕ್ಕೆ ಉಪನಿರ್ದೇಶಕ ಹೌದಪ್ಪ. ಅತ್ತರಪ್ಪ ಕೆಮ್ಮಿದರೂ "ಹೌದು ಸರ್" ಅನ್ನುವ ಪ್ರಾಣಿ.

ಅತ್ತಿಗೆ ಗುಟ್ಟುಪದ ಒತ್ತಿದರು. ಗೋಡೆಯ ಮೇಲಿನ ಪರದೆಯಲ್ಲಿ ಎರಡು ಡಜನ್‌ಗೂ ಹೆಚ್ಚು ಗ್ಯಾಲಕ್ಸಿಗಳ ಗೆರೆಚಿತ್ರಗಳು ಒಂದೊಂದಾಗಿ ಮೂಡಿದವು. ಎಲ್ಲವೂ ಚಪ್ಪಟೆ. ಖಾಲಿ ಆಕಾಶಕ್ಕೂ ಅವಕ್ಕೂ ವ್ಯತ್ಯಾಸವಿಲ್ಲ.

"ಸೊನ್ನೆ," ಅಂದರು ಅತ್ತಿಗೆ. ಅವತ್ತು ಆ ಮಾತಿನಲ್ಲಿ ಎಂದಿನ ಠೀವಿ ಕೊಂಚ ಕಡಿಮೆ ಇತ್ತೋ ಏನೋ, ಆಗ ನಾನು ಗಮನಿಸಲಿಲ್ಲ.

"ಮೇಡಂ, ಆ ಕೊನೆಯದು ಸ್ವಲ್ಪ ಎತ್ತರ ಇಲ್ವಾ?" ಅತ್ತರಪ್ಪ ಮುಂದೆ ಬಗ್ಗಿದ.

"ಅಷ್ಟು ಏರಿಳಿತ ಎಲ್ಲಾ ಕಡೆ ಇರುತ್ತೆ ಸರ್."

"ವೃತ್ತ ಚಿಕ್ಕದಾಯ್ತೇನೋ. ಸ್ವಲ್ಪ ದೊಡ್ಡದು ಮಾಡಿ ನೋಡಿ."

"ಬೀಗ ತೆಗೆದಾಯ್ತಲ್ಲ ಸರ್. ಈಗ ಮಾಡೋ ಹಾಗಿಲ್ಲ."

"ಅಯ್ಯೋ, ಸುಮ್ನೆ ಕುತೂಹಲಕ್ಕೆ ಮೇಡಂ."

"ಹೌದು ಸರ್, ಕುತೂಹಲಕ್ಕೆ," ಅಂದ ಹೌದಪ್ಪ, ಬಾಯಲ್ಲಿ ಬಿಸ್ಕತ್ತು ತುಂಬಿಕೊಂಡೇ.

ಅತ್ತಿಗೆ ಕೈ ಹಚ್ಚಲಿಲ್ಲ. ಹೌದಪ್ಪನೇ ತನ್ನ ಕಂಪ್ಯೂಟರಿನಲ್ಲಿ ವೃತ್ತವನ್ನು ಹಿಗ್ಗಿಸಿದ. ಆ ಗೆರೆ ಒಂಚೂರು ಎದ್ದಿತು. ಇನ್ನೂ ಹಿಗ್ಗಿಸಿದ, ಇನ್ನೂ ಎದ್ದಿತು. ಎಷ್ಟು ಶಕ್ತಿಯ ಕಿರಣದಿಂದ ಎಣಿಸಬೇಕೆಂಬ ಮಿತಿಯನ್ನೂ ಕೆಳಕ್ಕೆ ಎಳೆದಾಗ ಅಲ್ಲಿ ಒಂದು ಗುಡ್ಡವೇ ನಿಂತಿತು. ಅತ್ತರಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕೋಣೆಯಲ್ಲಿದ್ದ ಓದಿದವರೆಲ್ಲ, ಬೀಗದ ಪದ್ಧತಿಯನ್ನು ಪಾಠ ಹೇಳುವವರೆಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಚಪ್ಪಾಳೆಗೆ ಸೇರಿಕೊಂಡರು. ನಾನು ಫೋಟೋ ತೆಗೆಯದೆ ಕ್ಯಾಮೆರಾ ಚೀಲಕ್ಕೆ ಹಾಕಿದೆ.

ಅವತ್ತು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಅತ್ತಿಗೆ ಒಂದು ಬ್ರೆಡ್ಡಿನ ಚೂರು ಇಟ್ಟರು. ಅದರಿಂದ ನಾಲ್ಕು ಬೆರಳು ದೂರದಲ್ಲಿ ಚಿಟಿಕೆ ಸಕ್ಕರೆ ಉದುರಿಸಿದರು. ಚೂರಿನ ಮೇಲೆ ಲೋಟ ಬೋರಲು ಹಾಕಿ, "ಇದು ನನ್ನ ವೃತ್ತ. ಒಳಗೆ ಏನಿದೆ?" ಅಂದರು.

"ಬ್ರೆಡ್ಡು."

ಲೋಟ ತೆಗೆದು ಅದೇ ಜಾಗದಲ್ಲಿ ಅಗಲವಾದ ಬೋಗುಣಿ ಬೋರಲು ಹಾಕಿದರು. "ಈಗ?"

"ಸಕ್ಕರೇನೂ ಬಂತು."

"ಅಷ್ಟೇ. ಆ ಕುಬ್ಜದ ಹಿಂದ್ಗಡೆ, ಎಷ್ಟೋ ದೂರದಲ್ಲಿ, ಬೇರೆ ಒಂದು ಗ್ಯಾಲಕ್ಸಿ ಇದೆ. ಅದರ ಮಧ್ಯದ ಕಪ್ಪುಕುಳಿ ಸುತ್ತ ಗಾಮಾ ಕಿರಣ ಕಾರ್ತಾ ಇರುತ್ತೆ. ಅದು ಒಳಗೆ ಬರ್ದೇ ಇರ್ಲಿ ಅಂತಾನೇ ನಾನು ಚಿಕ್ಕ ವೃತ್ತ ಇಟ್ಟಿದ್ದು. ಇವರು ಹಿಗ್ಗಿಸಿ ಹಿಗ್ಗಿಸಿ ಅದನ್ನ ಒಳಗೆ ಎಳ್ಕೊಂಡ್ರು. ಕಪ್ಪು ದ್ರವ್ಯ ಅಂತೆ!"

"ಹಾಗಂತ ಹೇಳಿ ಮತ್ತೆ."

"ಹೇಳ್ದೆ. ಹಿಂದಿನದನ್ನ ಲೆಕ್ಕದಲ್ಲಿ ಕಳೆದಿದ್ದೀವಿ ಅಂತಾರೆ. ಎಷ್ಟು ಕಳೆದ್ರು? ಗುಡ್ಡ ಉಳಿಯೋಷ್ಟು." ಅತ್ತಿಗೆ ಸಕ್ಕರೆಯನ್ನು ಅಂಗೈಯಿಂದ ಒರೆಸಿ ತೆಗೆದರು. "ಬೀಗದ ಮಾತು ನಾನು ಹೇಳ್ಬೇಕಲ್ಲ. ಅದು ಈ ಬಾಯಿಂದ ಬರಲ್ಲ."

ನನಗೆ ಎದೆ ತುಂಬಿ ಬಂತು. ಅತ್ತಿಗೆ ಹೇಳುವುದಿಲ್ಲ ಅಂದರೆ ಮುಗಿಯಿತು. ಆ ಒಂದು ಮಾತಿಲ್ಲದೆ ಅತ್ತರಪ್ಪ ಮೂಗು ಹಿಡಿದು ತಲೆಕೆಳಗಾಗಿ ನಿಂತರೂ ಸಂಶೋಧನೆ ಹೊರಗೆ ಹೋಗುವಂತಿರಲಿಲ್ಲ.

ಅವನಿಗೂ ಅದು ಗೊತ್ತಿತ್ತು. ಆ ಭಾನುವಾರ ಮನೆಗೇ ಬಂದ, ಬಕೆಟ್ಟಿನಷ್ಟು ದೊಡ್ಡ ಹೂಗುಚ್ಛ ಹೊತ್ತುಕೊಂಡು. ನಮ್ಮ ಪುಟ್ಟ ಹಾಲಿನಲ್ಲಿ ಅವನ ವಾಸನೆಗೆ ಅಣ್ಣ ಸೀನಿ ಸೀನಿ ಎದ್ದು ಹೊರಗೆ ಹೋದ. ಅತ್ತರಪ್ಪ ಅಮ್ಮನ ಕಾಲ ಬಳಿ ಸ್ಟೂಲು ಎಳೆದುಕೊಂಡು ಕೂತು, "ಅಮ್ಮಾ, ನಿಮ್ಮ ಸೊಸೆಯಿಂದ ಇಡೀ ಜಗತ್ತಿಗೇ ಗೊತ್ತಾಗ್ತೀವಿ ನಾವು. ಒಂದೇ ಒಂದು ಮಾತು ಹೇಳ್ಬೇಕು ಅವರು. ಸಂಕೋಚ ಜಾಸ್ತಿ," ಅಂತ ಬೆಣ್ಣೆ ಹಚ್ಚಿದ. ಅಮ್ಮ ಕರಗಿ ನೀರಾದಳು. ಅವನು ಕೆಳಗಿಳಿದು ಹೋಗುವುದಕ್ಕೂ ಬಿಡಲಿಲ್ಲ, ಸೊಸೆಯ ಮೇಲೆ ಹರಿಹಾಯ್ದಳು.

"ಇಷ್ಟು ವರ್ಷ ಸೊನ್ನೆ ಸೊನ್ನೆ ಅಂತ ಬರ್ತಿದ್ದೆ. ನಾನು ಒಂದು ದಿನ ಬೇಜಾರು ಮಾಡ್ಕೊಂಡಿದ್ದೀನಾ? ಈಗ ಸಿಕ್ಕಿದೆ ಅಂತ ಅಷ್ಟು ದೊಡ್ಡ ಮನುಷ್ಯರು ಮನೆಗೇ ಬಂದು ಹೇಳ್ತಿದ್ದಾರೆ. ನಿಂದೇನಮ್ಮಾ ಹಠ?"

"ಸಿಕ್ಕಿಲ್ಲ ಅತ್ತೆ."

"ಸಿಕ್ಕಿದೆ ಅಂತ ಅವರೇ ಹೇಳ್ತಿದ್ದಾರಲ್ಲ!"

ಆ ಹೂಗಳನ್ನು ಎಸೆಯಲು ಅಮ್ಮ ಬಿಡಲಿಲ್ಲ. ಒಂದು ವಾರದಲ್ಲಿ ದಂಟೆಲ್ಲ ಕೊಳೆತು, ನೀರು ಲೋಳೆಯಾಗಿ, ಹಾಲಿನಲ್ಲಿ ಕಾಲಿಡಲು ಆಗದಂಥ ನಾತ. ನಾನು ಮೂಗು ಮುಚ್ಚಿಕೊಂಡು ಒಯ್ದು ಕಸದ ಡಬ್ಬಿಗೆ ಸುರಿದೆ. ಅತ್ತಿಗೆ ಕಿಟಕಿಯ ಬಳಿ ನಿಂತು ನೋಡುತ್ತಿದ್ದರು. ಆ ದಿನಗಳಲ್ಲಿ ಅವರು ಮಾತೇ ಬಿಟ್ಟಿದ್ದರು.

ಹೂ ಎಸೆದ ಮರುದಿನ ಅತ್ತರಪ್ಪ ನನ್ನ ಮೇಜಿನ ತುದಿಗೆ ಬಂದು ಕೂತು ಪ್ರಕಟಣೆಯ ಒಕ್ಕಣೆ ಹೇಳತೊಡಗಿದ. ಕುಬ್ಜ ಗ್ಯಾಲಕ್ಸಿಯಿಂದ ಕಪ್ಪು ದ್ರವ್ಯದ ಮೊದಲ ಸುಳಿವು, ಮಾನವಕುಲದ ಮಹತ್ತರ ಕ್ಷಣ, ಇನ್ನೂ ಏನೇನೋ. ಕೊನೆಗೆ ಕಿವಿಯಿಂದ ಮುಚ್ಚಳ ಹೊರತೆಗೆದು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತ, "ಬೀಗದ ಮಾತನ್ನ ಮೇಡಂ ಅವರೇ ವೇದಿಕೆ ಮೇಲೆ ಹೇಳ್ತಾರೆ ಅಂತಲೂ ಹಾಕಿ," ಅಂದ.

"ಅವರು ಹೇಳಲ್ಲ," ಅಂದೆ.

"ಒಪ್ಪಿದ್ದಾರಲ್ಲ! ಮನೇಲಿ ಹೇಳ್ಲಿಲ್ವಾ?" ಎಂದು ನಕ್ಕು ಎದ್ದು ಹೋದ.

ನಾನು ಓಡಿದೆ. ಅತ್ತಿಗೆ ತಮ್ಮ ಕೋಣೆಯಲ್ಲಿ ಅಮ್ಮ ಹೆಣೆದ ಟೋಪಿ ಹಾಕಿಕೊಂಡು ಕೂತಿದ್ದರು. ಊಟದ ಡಬ್ಬಿ ತೆರೆದಿತ್ತು, ಮುಟ್ಟಿರಲಿಲ್ಲ.

"ಒಪ್ಪಿದ್ರಂತೆ?"

"ಟೈಪ್ ಮಾಡು," ಅಂದರು, ಪರದೆಯಿಂದ ಕಣ್ಣು ತೆಗೆಯದೆ. ಎಷ್ಟು ಕೇಳಿದರೂ ಅದೊಂದೇ ಮಾತು.

ಯಾಕೆಂದು ನನಗೆ ಹೇಳಿದವನು ಹೌದಪ್ಪ. ಚಹಾದ ಕೋಣೆಯಲ್ಲಿ ಸಿಕ್ಕಿದ, ಎಂದಿನಂತೆ ಬಾಯಿ ತುಂಬ ಬಿಸ್ಕತ್ತು. "ಏನಮ್ಮಾ, ಕೆಲಸ ಖಾಯಂ ಆಗ್ತಿದೆಯಂತೆ! ನಿಮ್ಮ ಅತ್ತಿಗೆ ಅಂಥ ಅತ್ತಿಗೆ ಎಲ್ಲರಿಗೂ ಸಿಗ್ತಾರಾ? ಈ ಸಲ ನಿಮ್ಮನ್ನ ತೆಗೆಯೋದು ಅಂತ ಇತ್ತು. ಸರ್ ಮೇಡಂ ಹತ್ರ ಮಾತಾಡಿದ್ರು, ಎಲ್ಲಾ ಸರಿಹೋಯ್ತು." ಅವನ ತುಟಿಯಿಂದ ಪುಡಿ ನನ್ನ ತೋಳಿನ ಮೇಲೆ ಉದುರಿತು.

ನನಗೆ ಮೈಯೆಲ್ಲ ಉರಿಯಿತು. ತೋಳನ್ನು ಸೋಪು ಹಚ್ಚಿ ತೊಳೆದೆ, ಇನ್ನೊಮ್ಮೆ ತೊಳೆದೆ. ಥೂ, ಇವರ ಜನ್ಮಕ್ಕಿಷ್ಟು! ಒಬ್ಬಳ ಅನ್ನವನ್ನು ಹಿಡಿದು ಇನ್ನೊಬ್ಬಳ ನಾಲಿಗೆ ತಿರುಚುವುದು. ಸುಳ್ಳೇ ಬಾರದ ಹೆಂಗಸಿನ ಬಾಯಿಗೆ ಸುಳ್ಳು ತುರುಕಲು ನಾನು ಸಿಕ್ಕಿದೆನೇ ಇವರಿಗೆ? ಆದರೆ ನಿಜ ಹೇಳುತ್ತೇನೆ, ಅಷ್ಟು ಹೇಸಿಗೆಯ ನಡುವೆಯೂ ಒಳಗೆಲ್ಲೋ ಒಂದು ಕಡೆ ತಣ್ಣಗಾಯಿತು. ನನಗಾಗಿ ಅತ್ತಿಗೆ ಇದಕ್ಕೂ ತಯಾರಾದರಲ್ಲ ಎಂದು. ಪುಸ್ತಕದ ಕಪಾಟು ಖಾಲಿ ಮಾಡಿದ ಹಾಗೆಯೇ ಇದೂ ಎಂದುಕೊಂಡೆ.

ಏನು ಮಾಡಬೇಕೆಂದು ನನಗೆ ಯೋಚಿಸುವ ಅಗತ್ಯವೇ ಬರಲಿಲ್ಲ. ಪ್ರಕಟಣೆಯ ದಿನ ಬೆಳಿಗ್ಗೆ, ಪತ್ರಕರ್ತರು ಇನ್ನೂ ಬರುತ್ತಿದ್ದಾಗ, ಅತ್ತರಪ್ಪನ ಕೋಣೆಗೆ ನುಗ್ಗಿ ರಾಜೀನಾಮೆಯನ್ನು ಅವನ ಮುಂದೆ ಇಟ್ಟೆ. ಅವನು ಕನ್ನಡಿ ನೋಡಿಕೊಂಡು ಕುತ್ತಿಗೆಗೆ ಸೆಂಟು ಹೊಡೆದುಕೊಳ್ಳುತ್ತಿದ್ದ.

"ಏನಮ್ಮಾ ಇದು, ಇವತ್ತೇ?"

"ಇವತ್ತೇ. ನಿಮ್ಮ ಕೆಲಸ ನೀವೇ ಇಟ್ಕೊಳ್ಳಿ. ಆ ಪೆನ್ನನ್ನೂ ಇಟ್ಕೊಳ್ಳಿ, ನನಗೆ ಅದನ್ನ ಮುಟ್ಟಿದ್ರೆ ವಾಂತಿ ಬರುತ್ತೆ."

ಅವನ ಬಾಯಿ ಅರ್ಧ ತೆರೆದದ್ದು ಹಾಗೇ ನಿಂತಿತು. ಆ ನೋಟ ಒಂದನ್ನು ಮಾತ್ರ ನಾನು ಈಗಲೂ ಸಂತೋಷವಾಗಿ ನೆನೆಯುತ್ತೇನೆ.

ಅತ್ತಿಗೆ ಸಭಾಂಗಣದ ಪಕ್ಕದ ಮೆಟ್ಟಿಲ ಬಳಿ ನಿಂತಿದ್ದರು. ಯಾವತ್ತೂ ಇಸ್ತ್ರಿ ಕಾಣದ ಬಟ್ಟೆಯವರು ಅವತ್ತು ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದರು, ತಲೆ ಒಪ್ಪವಾಗಿ ಬಾಚಿದ್ದರು. ನಾನು ಅವರ ಎರಡೂ ಕೈ ಹಿಡಿದುಕೊಂಡೆ.

"ಅತ್ತಿಗೆ, ನನಗೆಲ್ಲ ಗೊತ್ತಾಯ್ತು. ನಾನು ಕೆಲಸ ಬಿಟ್ಟೆ. ಈಗಷ್ಟೇ ಕೊಟ್ಟು ಬಂದೆ. ಇನ್ನು ಅವನು ನಿಮ್ಮನ್ನ ಏನೂ ಮಾಡೋಕಾಗಲ್ಲ. ಹೋಗಿ ಸೊನ್ನೆ ಅಂತ ಹೇಳಿ ಬನ್ನಿ."

ಅವರು ನನ್ನನ್ನು ನೋಡಿದರು. ಹಗುರಾಗುತ್ತಾರೆ, ಅಳುತ್ತಾರೆ, ಬೈಯುತ್ತಾರೆ, ಇದರಲ್ಲಿ ಏನಾದರೊಂದು ಆಗುತ್ತದೆ ಎಂದುಕೊಂಡಿದ್ದೆ. ಅವರ ಮುಖದಲ್ಲಿ ಕಂಡದ್ದು ಗಾಬರಿ. "ಯಾಕೆ ಬಿಟ್ಟೆ? ನಿನ್ನನ್ನ ಯಾರು ಕೇಳಿದ್ರು?" ಎಂದು ಕೈ ಬಿಡಿಸಿಕೊಂಡು ಒಳಗೆ ಹೋದರು. ಗಾಬರಿಯೆಲ್ಲ ನನ್ನ ಕೆಲಸದ ಬಗ್ಗೆಯೇ ಎಂದು ನಾನು ತಿಳಿದೆ.

ಸಭಾಂಗಣದ ಹಿಂದಿನ ಗೋಡೆಗೆ ಒರಗಿ ನಿಂತೆ. ಅತ್ತರಪ್ಪ ತುಂಬ ಹೊತ್ತು ಮಾತಾಡಿದ. ಪರದೆಯ ಮೇಲೆ ಗುಡ್ಡ ತೋರಿಸಿದ, ಕ್ಯಾಮೆರಾಗಳು ಮಿಂಚಿದವು. ಆಮೇಲೆ, "ನಮ್ಮ ಬೀಗದ ಕೈ ಇರುವುದು ಮೇಡಂ ಅವರ ಬಳಿ," ಎಂದು ಬದಿಗೆ ಸರಿದ. ಅವನ ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ನನ್ನ ರಾಜೀನಾಮೆ ಅವನ ಜೇಬಿನಲ್ಲಿತ್ತಲ್ಲ, ಅವನಿಗೂ ಹೆದರಿಕೆ. ನಾನು ಖುಷಿಯಿಂದ ತುದಿಗಾಲಲ್ಲಿ ನಿಂತೆ.

ಅತ್ತಿಗೆ ಮೈಕಿನ ಮುಂದೆ ಬಂದರು. ಹಿಂತಿರುಗಿ ಆ ಗುಡ್ಡದ ಚಿತ್ರವನ್ನು ಒಮ್ಮೆ ನೋಡಿದರು. ನಮ್ಮ ಕಡೆ ತಿರುಗಿದರು.

"ಬೀಗ ತೆಗೆದ ಮೇಲೆ ಏನನ್ನೂ ಬದಲಿಸಿಲ್ಲ," ಅಂದರು. ಧ್ವನಿ ಸ್ಪಷ್ಟವಾಗಿತ್ತು, ಒಂದಿಷ್ಟೂ ತೊದಲಲಿಲ್ಲ. ಇಡೀ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆ ಅತ್ತಿಗೆಯ ಮುಖ ಅರಳಿತು. ನಾನು ಕಣ್ಣಾರೆ ನೋಡಿದೆ. ಇಷ್ಟು ವರ್ಷದಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಚಹಾದ ಕೋಣೆಯ ಆ ಕೊಳಕು ಸಿಂಕಿನಲ್ಲೇ ವಾಂತಿ ಮಾಡಿಕೊಂಡೆ.

ಮನೆಯಲ್ಲಿ ಅಮ್ಮ ಸಂಭ್ರಮದಿಂದ ಅಕ್ಕಪಕ್ಕದವರನ್ನೆಲ್ಲ ಸೇರಿಸಿದ್ದಳು. ಅವರೆಲ್ಲ ಹೋಗುವವರೆಗೆ ಕಾದು, ಪಾತ್ರೆ ತೊಳೆಯುತ್ತಿದ್ದ ಅತ್ತಿಗೆಯ ಪಕ್ಕದಲ್ಲಿ ಹೋಗಿ ನಿಂತೆ.

"ನಾನು ಬಿಟ್ಟು ಬಂದಿದ್ನಲ್ಲ ಅತ್ತಿಗೆ. ಮತ್ಯಾಕೆ?"

ಅವರು ನಲ್ಲಿ ನಿಲ್ಲಿಸಿದರು. "ನಿನಗೋಸ್ಕರ ಅಂತಾನೇ ನಾನೂ ಅಂದ್ಕೊಂಡಿದ್ದೆ. ಒಪ್ಕೊಂಡ ದಿನ ನಿನ್ನ ಮುಖಾನೇ ನೆನಪಿತ್ತು, ಆಣೆ. ಇವತ್ತು ನೀನು ಬಂದು ಬಿಟ್ಟೆ ಅಂದಾಗ, ಅಯ್ಯೋ, ಇನ್ನು ಹೇಳೋಕೆ ನೆಪಾನೇ ಇಲ್ವಲ್ಲ ಅನ್ನಿಸ್ತು. ಆಗ ಗೊತ್ತಾಯ್ತು ನನಗೇ." ಒಂದು ಲೋಟವನ್ನು ಒರೆಸಿದ್ದನ್ನೇ ಮತ್ತೆ ಒರೆಸಿದರು. "ಒಂದ್ಸಲ. ಒಂದೇ ಒಂದ್ಸಲ ಏನಾದ್ರೂ ಸಿಗ್ಲಿ ಅನ್ನಿಸ್ತು. ಎಲ್ಲರೂ ಎದ್ದು ನಿಂತ್ರು, ನೋಡಿದ್ಯಾ?"

"ಥೂ," ಅಂದೆ. ಅತ್ತರಪ್ಪನಿಗೆ ಹೇಳಬೇಕಾದದ್ದನ್ನು ಅತ್ತಿಗೆಗೆ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು.

ಮುಂದಿನದು ಅತ್ತಿಗೆ ಬೋಗುಣಿ ಬೋರಲು ಹಾಕಿ ತೋರಿಸಿದ ಹಾಗೆಯೇ ಆಯಿತು. ಬೇರೆ ದೇಶದ ಗುಂಪೊಂದು ಅದೇ ಕುಬ್ಜ ಗ್ಯಾಲಕ್ಸಿಯನ್ನು ಚಿಕ್ಕ ವೃತ್ತದಲ್ಲಿ ನೋಡಿತು, ಏನೂ ಕಾಣಲಿಲ್ಲ. ವೃತ್ತ ಹಿಗ್ಗಿಸಿತು, ಹಿಂದಿನ ಗ್ಯಾಲಕ್ಸಿ ಕಂಡಿತು. ಅಷ್ಟರಲ್ಲಿ ಅತ್ತರಪ್ಪ ಇದಕ್ಕಿಂತ ದೊಡ್ಡ ಸಂಸ್ಥೆಯ ಇದಕ್ಕಿಂತ ದೊಡ್ಡ ಕುರ್ಚಿಗೆ ಏರಿ ಆಗಿತ್ತು. ಕೇಳಿದವರಿಗೆ, "ಬೀಗದ ಹೊಣೆ ಮೇಡಂ ಅವರದು, ನಾನು ಅವರ ಮಾತು ನಂಬಿದೆ," ಅಂದನಂತೆ. ಹೌದಪ್ಪ ಅದಕ್ಕೂ ಹೌದು ಅಂದಿರುತ್ತಾನೆ. ಗುಟ್ಟುಪದವನ್ನು ಅತ್ತಿಗೆಯಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಈಗಲೂ ಅದೇ ಕೋಣೆ, ಅದೇ ಪರದೆ, ಅದೇ ಗ್ಯಾಲಕ್ಸಿಗಳು. ಅದು ಸುಳ್ಳಾದ ಸುದ್ದಿ ಯಾವ ಪತ್ರಿಕೆಯಲ್ಲೂ ಬರಲಿಲ್ಲವಾದ್ದರಿಂದ ಅಮ್ಮನ ಪಾಲಿಗೆ ಕಪ್ಪು ದ್ರವ್ಯ ಸಿಕ್ಕಿಯೇ ಇದೆ. ಹಳೆಯ ಪತ್ರಿಕೆಯನ್ನು ಬಂದವರಿಗೆಲ್ಲ ತೋರಿಸುತ್ತಾಳೆ. ಸಂಜೆಯ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದಾಳೆ. ಸಿಕ್ಕ ಮೇಲೆ ಇನ್ನೇನು ಕೇಳುವುದು?

ನಾನು ಈಗ ಚಪ್ಪಲಿ ಅಂಗಡಿಯಲ್ಲಿದ್ದೇನೆ. ದಿನವಿಡೀ ಬೇರೆಯವರ ಕಾಲು ಮುಟ್ಟುವ ಕೆಲಸ, ಬೆವರು ನಾತದ ಕಾಲುಚೀಲ. ಆ ಪೆನ್ನಿಗಿಂತ ಎಷ್ಟೋ ವಾಸಿ. ಅತ್ತಿಗೆಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಉಪ್ಪು ಇದೆಯಾ, ನೀರು ಬಂತಾ, ಅಷ್ಟು. ನನ್ನ ಬಟ್ಟೆ ಇನ್ನೂ ಅವರ ಕಪಾಟಿನಲ್ಲೇ ಇದೆ.

ಮೊನ್ನೆ ಅವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ಒಳಗೆ ಬೀನ್ಸ್ ಹೆಚ್ಚುತ್ತ ಕೂತಿದ್ದೆ. ನನ್ನ ಹೊಟ್ಟೆಯಲ್ಲಿದ್ದ ಸಿಟ್ಟು ಎಂದಿನಂತೆ ಸುಮ್ಮನಿರಲಿಲ್ಲ. ಅಮ್ಮ ಕೂಗುತ್ತಿದ್ದ ಹಾಗೆಯೇ ಕೂಗಿ ನಾನೇ ಕೇಳಿದೆ: "ಏನಾದ್ರೂ ಸಿಕ್ತಾ ಅತ್ತಿಗೆ?"

ಚುಚ್ಚಬೇಕೆಂದೇ ಕೇಳಿದ್ದು. ಅವರು ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ ಹಾಗೇ ನಿಂತರು. ತುಟಿ ಆ ಹಳೆಯ ಮಾತಿಗೆ ತಾನಾಗಿ ಹೊರಟದ್ದು ನನಗೆ ಕಂಡಿತು. ಹೊರಟು ನಿಂತಿತು.

"ಇವತ್ತು ನಿಜವಾಗ್ಲೂ ಸೊನ್ನೆ," ಅಂದರು ಕೊನೆಗೆ, ತೀರ ಮೆಲ್ಲಗೆ. "ಆದ್ರೆ ನಾನು ಹೇಳಿದ್ರೆ ಇನ್ನು ಯಾರು ನಂಬ್ತಾರೆ? ನೀನು ನಂಬ್ತೀಯಾ?"

ನಾನು ಇನ್ನೊಂದು ಬೀನ್ಸ್ ಎತ್ತಿಕೊಂಡು ಹೆಚ್ಚಿದೆ. ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟು, ಎರಡನ್ನೂ ಗೋಡೆಗೆ ಜೋಡಿಸಿಟ್ಟು, ಊಟದ ಡಬ್ಬಿ ತೊಳೆಯಲು ಒಳಗೆ ಹೋದರು.